ಪ್ರಕಟಣೆಯ ಸಮಯ ಮೂರೂವರೆ ಗಂಟೆ ಮುಂದೆ ಹೋದದ್ದು: ಕಾಲವಲಯದ ಕೋಡ್ ದುರಸ್ತಿಯ ದಾಖಲೆ

ಬೇರೆ ಬೇರೆ ದೇಶಗಳಲ್ಲಿರುವ ಕನ್ನಡಿಗರು ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರಿ ಓದುವ ಬಳಗವೊಂದಕ್ಕೆ ಪ್ರಕಟಣೆ ಸಿದ್ಧಪಡಿಸುವ ಸಣ್ಣ ಪ್ರೋಗ್ರಾಂ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಓದು ಭಾರತದ ಕಾಲಮಾನದಲ್ಲಿ ಶನಿವಾರ ರಾತ್ರಿ 8:30ಕ್ಕೆ ಆರಂಭವಾಗುತ್ತದೆ. ಬೆಂಗಳೂರು, ದುಬೈ, ಲಂಡನ್, ಸ್ಯಾನ್ ಹೊಸೆ ಮತ್ತು ಸಿಡ್ನಿಯಲ್ಲಿರುವವರಿಗೆ ಅವರವರ ಗಡಿಯಾರದ ಸಮಯವನ್ನು ತಿಳಿಸುವ ಐದು ಸಾಲುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಅಂಟಿಸುವುದಕ್ಕೆ ತಕ್ಕಂತೆ ಬರೆದುಕೊಡುವುದು ಪ್ರೋಗ್ರಾಮಿನ ಕೆಲಸ. ಡೇಟಾಬೇಸನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ಈ ಐದೂ ಸಾಲುಗಳು ತಪ್ಪಾಗಿ ಬರತೊಡಗಿದವು. ಅದನ್ನು ಸರಿಪಡಿಸಿದ ಕ್ರಮವನ್ನು, ನಡುವೆ ಕೈಕೊಟ್ಟ ಪ್ರಯತ್ನಗಳ ಸಮೇತ, ಇಲ್ಲಿ ದಾಖಲಿಸಿದ್ದೇನೆ.

ಬಳಸಿದ ಸಲಕರಣೆಗಳು: ಪೈಥಾನ್ 3.12, ಪೋಸ್ಟ್‌ಗ್ರೆಸ್ 17 ಎಂಬ ಡೇಟಾಬೇಸ್, ಡೆಬಿಯನ್ 13 ಎಂಬ ಲಿನಕ್ಸಿನ ಕಂಟೇನರ್ (ಪ್ರೋಗ್ರಾಂ ಓಡುವ ಪ್ರತ್ಯೇಕ ಆವರಣ), ಕಾರ್ಯಕ್ರಮದ ಪುಟಕ್ಕೆ ಒಂದಿಷ್ಟು ಜಾವಾಸ್ಕ್ರಿಪ್ಟ್. ಎಲ್ಲವೂ ಉಚಿತ ತಂತ್ರಾಂಶಗಳಾದ್ದರಿಂದ ಸರ್ವರಿನ ಮಾಮೂಲಿ ಬಾಡಿಗೆಯನ್ನು ಬಿಟ್ಟರೆ ಹೊಸ ಖರ್ಚು ಬರಲಿಲ್ಲ.

ಹಂತ 1: ತಪ್ಪು ಎಲ್ಲಿ ಹುಟ್ಟಿತು

ದೋಷ ಮೊದಲು ಕಂಡದ್ದು 2025ರ ಅಕ್ಟೋಬರ್ 25ರ ಪ್ರಕಟಣೆಯ ಕರಡಿನಲ್ಲಿ. ಬೆಂಗಳೂರಿನ ಸಾಲಿನಲ್ಲಿ ಶನಿವಾರ ರಾತ್ರಿ 8:30 ಎಂದಿರಬೇಕಾದ ಕಡೆ ಭಾನುವಾರ 12:00 ಎಂದಿತ್ತು, ಅದೂ ನಡುರಾತ್ರಿಯ ಹನ್ನೆರಡು. ದುಬೈಯ ಸಾಲು ಸಂಜೆ 7:00ರ ಬದಲು ರಾತ್ರಿ 10:30 ಆಗಿತ್ತು. ಉಳಿದ ಊರುಗಳಲ್ಲಿಯೂ ವ್ಯತ್ಯಾಸ ಅಷ್ಟೇ, ಸರಿಯಾಗಿ ಮೂರೂವರೆ ಗಂಟೆ. ಎಲ್ಲ ಊರುಗಳಲ್ಲೂ ಒಂದೇ ಅಳತೆಯ ತಪ್ಪಿದ್ದರೆ ಸಮಯವನ್ನು ತೋರಿಸುವ ಭಾಗವನ್ನು ಕೆದಕುವ ಮೊದಲು ಉಳಿಸುವ ಭಾಗವನ್ನು ನೋಡುವುದು ಲೇಸು.

ಕಾರ್ಯಕ್ರಮಗಳ ಪಟ್ಟಿ ಒಂದು ಸ್ಪ್ರೆಡ್‌ಶೀಟಿನಲ್ಲಿದ್ದು, ಅದರಲ್ಲಿ ಸಮಯವನ್ನು ‘2025-10-25 20:30 ಐಎಸ್‌ಟಿ’ ಎಂಬ ರೂಪದಲ್ಲಿ ಬರೆಯುವ ರೂಢಿಯಿತ್ತು. ಐಎಸ್‌ಟಿ ಎಂದರೆ ನಮ್ಮ ಲೆಕ್ಕದಲ್ಲಿ ಭಾರತದ ಪ್ರಮಾಣ ಕಾಲ. ಆಮದು ಮಾಡುವ ಸ್ಕ್ರಿಪ್ಟ್ ಆ ಪಠ್ಯವನ್ನು ಇದ್ದಂತೆಯೇ ಪೋಸ್ಟ್‌ಗ್ರೆಸ್‌ನ ಟೈಮ್‌ಸ್ಟ್ಯಾಂಪ್‌ಟಿಝಡ್ (ವಲಯಸಹಿತ ಸಮಯ) ಕಾಲಮಿಗೆ ಒಪ್ಪಿಸುತ್ತಿತ್ತು. ಹೊಸ ಸರ್ವರಿನಲ್ಲಿ ಕಾಲವಲಯಗಳ ಸಂಕ್ಷೇಪಗಳನ್ನು ಪಟ್ಟಿ ಮಾಡುವ ‘ಪಿಜಿ ಟೈಮ್‌ಝೋನ್ ಅಬ್ರೆವ್ಸ್’ ಎಂಬ ವ್ಯೂ ತೆರೆದು ಐಎಸ್‌ಟಿಯ ಸಾಲನ್ನು ಹುಡುಕಿದಾಗ ಆಫ್‌ಸೆಟ್, ಅಂದರೆ ಯುಟಿಸಿ ಎಂಬ ವಿಶ್ವ ಪ್ರಮಾಣ ಸಮಯದಿಂದ ಇರುವ ಅಂತರ, 02:00:00 ಎಂದು ಕಂಡಿತು. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲಿನ ಪ್ರಮಾಣ ಕಾಲ, ಯುಟಿಸಿಗಿಂತ ಎರಡು ಗಂಟೆ ಮುಂದೆ. ನಮ್ಮದು ಐದೂವರೆ ಗಂಟೆ ಮುಂದೆ. ಹೀಗಾಗಿ 20:30 ಎಂಬುದು ಯುಟಿಸಿಯ 15:00 ಆಗುವ ಬದಲು 18:30 ಆಗಿ ಕೂತಿತ್ತು. ದೇಶದೇಶಗಳ ಗಡಿಯಾರದ ನಿಯಮಗಳನ್ನು ಒಟ್ಟುಗೂಡಿಸಿರುವ ಕಾಲವಲಯ ದತ್ತಸಂಚಯದಲ್ಲಿ ಇದೇ ಮೂರಕ್ಷರ ಐರ್ಲೆಂಡಿನ ಬೇಸಿಗೆ ಸಮಯಕ್ಕೂ ಸಲ್ಲುತ್ತದೆ, ಅಂದರೆ ಒಂದು ಸಂಕ್ಷೇಪಕ್ಕೆ ಮೂರು ದೇಶಗಳ ಹಕ್ಕುದಾರಿಕೆ ಇದೆ.

ಹಳೆಯ ಸರ್ವರಿನಲ್ಲಿ ಇದು ಹೇಗೆ ಸರಿಯಿತ್ತು ಎಂದು ಅದರ ಸಂರಚನಾ ಕಡತವನ್ನು ತೆಗೆದು ನೋಡಿದೆ. ‘ಟೈಮ್‌ಝೋನ್ ಅಬ್ರೆವಿಯೇಷನ್ಸ್’ ಎಂಬ ಆಯ್ಕೆಗೆ ಯಾರೋ ಹಿಂದೆಯೇ ‘ಇಂಡಿಯಾ’ ಎಂಬ ಬೆಲೆಯನ್ನು ಕೊಟ್ಟಿದ್ದರು. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಆ ಪಟ್ಟಿಯಲ್ಲಿ ಐಎಸ್‌ಟಿ ಐದೂವರೆ ಗಂಟೆಗೆ ಬದಲಾಗಿರುತ್ತದೆ. ದತ್ತಾಂಶವನ್ನು ಸಾಗಿಸುವಾಗ ಸಂರಚನೆಯ ಆ ಒಂದು ಸಾಲು ಹಿಂದೆ ಉಳಿದಿತ್ತು. ಪೋಸ್ಟ್‌ಗ್ರೆಸ್ 18ರಿಂದೀಚೆಗೆ ಸಂಕ್ಷೇಪಗಳನ್ನು ಮೊದಲು ಆ ಸೆಷನ್ನಿನ (ಡೇಟಾಬೇಸಿನೊಡನೆ ನಡೆಯುವ ಒಂದು ಸಂಪರ್ಕದ) ಕಾಲವಲಯದಲ್ಲಿ ಹುಡುಕುವ ಕ್ರಮ ಬಂದಿದೆ. ಆದರೆ ನಮ್ಮ ಸರ್ವರಿನ ಸೆಷನ್ ಯುಟಿಸಿಯಲ್ಲಿರುವುದರಿಂದ ಆವೃತ್ತಿಯನ್ನು ಏರಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಆ ಸಾಲನ್ನು ಮರಳಿ ಸೇರಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ನಾನು ಸೇರಿಸಲಿಲ್ಲ. ಇಡೀ ಸರ್ವರಿನ ಸಂರಚನೆಯಲ್ಲಿ ಅಡಗಿರುವ ಒಂದು ಆಯ್ಕೆಯ ಮೇಲೆ ಕಾರ್ಯಕ್ರಮದ ಸಮಯ ನಿಂತಿರುವುದು ದುರಸ್ತಿಯಲ್ಲ. ಮುಂದಿನ ಸಾಗಾಟದಲ್ಲಿ ಅದು ಮತ್ತೆ ತಪ್ಪಿಹೋಗುತ್ತದೆ.

ಹಂತ 2: ನೆನಪೋಲೆಯ ಸ್ಕ್ರಿಪ್ಟ್

ಸಂಕ್ಷೇಪ ಬೇರೆಲ್ಲಿ ಬಳಕೆಯಾಗಿದೆ ಎಂದು ಕೋಡಿನ ತುಂಬ ಹುಡುಕಿದಾಗ ನಿಗದಿತ ವೇಳೆಗೆ ತಾನಾಗಿ ಓಡಿ ನೆನಪೋಲೆ ಕಳಿಸುವ ಕ್ರಾನ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಟಿಝಡ್=ಐಎಸ್‌ಟಿ’ ಎಂದು ಕಂಡಿತು. ಲಿನಕ್ಸಿನಲ್ಲಿ ಆ ಹೆಸರಿನ ಕಾಲವಲಯ ಕಡತವೇ ಇಲ್ಲ. ಇಲ್ಲದ ಹೆಸರನ್ನು ಕೊಟ್ಟಾಗ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿ ದೋಷ ಸಂದೇಶವನ್ನೇನೂ ಕೊಡುವುದಿಲ್ಲ. ಯುಟಿಸಿಯ ಸಮಯವನ್ನೇ ತೆಗೆದುಕೊಂಡು ಅದರ ಮುಂದೆ ನಾವು ಕೊಟ್ಟ ಹೆಸರನ್ನು ಅಂಟಿಸಿಬಿಡುತ್ತದೆ. ಬೆಂಗಳೂರಿನಲ್ಲಿ ರಾತ್ರಿ 8:30 ಆಗಿದ್ದಾಗ ಡೇಟ್ ಕಮಾಂಡನ್ನು ಹೀಗೆ ಓಡಿಸಿದರೆ ‘15:00 ಐಎಸ್‌ಟಿ’ ಎಂದು ಬರುತ್ತದೆ. ಲಾಗ್ ಕಡತದಲ್ಲಿ ಐಎಸ್‌ಟಿ ಎಂಬ ಮುದ್ರೆ ಇದ್ದುದರಿಂದ ಅದರ ಎಡಕ್ಕಿರುವ ಅಂಕಿಯನ್ನು ಯಾರೂ ಅನುಮಾನಿಸಿರಲಿಲ್ಲ. ಸಾಲನ್ನು ಭಾರತದ ಕಾಲವಲಯದ ಪೂರ್ಣ ಹೆಸರಾದ ‘ಏಷ್ಯಾ/ಕೋಲ್ಕತಾ’ ಎಂದು ತಿದ್ದಿದೆ.

ಹಂತ 3: ಸಂಕ್ಷೇಪದ ಬದಲು ಆಫ್‌ಸೆಟ್

ಮೊದಲ ಪ್ರಯತ್ನವಾಗಿ ಸಂಕ್ಷೇಪವನ್ನು ಬಿಟ್ಟು ಎಲ್ಲೆಡೆ ಆಫ್‌ಸೆಟ್ ಬರೆಯುವುದೆಂದುಕೊಂಡು, ಎಸ್‌ಕ್ಯೂಎಲ್ (ಡೇಟಾಬೇಸಿನ ಪ್ರಶ್ನಾಭಾಷೆ) ವರದಿಯಲ್ಲಿ ‘ಅಟ್ ಟೈಮ್ ಝೋನ್’ ಎಂಬುದರ ಮುಂದೆ ‘ಯುಟಿಸಿ+5:30’ ಎಂದು ಕೊಟ್ಟೆ. ಯುಟಿಸಿಯ 15:00 ಬೆಂಗಳೂರಿನ 20:30 ಆಗುವ ಬದಲು 09:30 ಆಯಿತು. ಅಕ್ಷರಗಳಿಂದ ಆರಂಭವಾಗುವ ಇಂಥ ಹೆಸರನ್ನು ಪೋಸ್ಟ್‌ಗ್ರೆಸ್ ಪೊಸಿಕ್ಸ್ ಎಂಬ ಯುನಿಕ್ಸ್ ಮಾನದಂಡದ ಪದ್ಧತಿಯಂತೆ ಓದುತ್ತದೆ. ಆ ಪದ್ಧತಿಯಲ್ಲಿ ಕೂಡುವ ಚಿಹ್ನೆಗೆ ಗ್ರೀನಿಚ್‌ನಿಂದ ಪಶ್ಚಿಮ ಎಂದು ಅರ್ಥ. ಅದೇ ಡೇಟಾಬೇಸ್ ‘20:30+05:30’ ಎಂದು ಸಮಯಕ್ಕೆ ಅಂಟಿಸಿ ಬರೆದ ಆಫ್‌ಸೆಟ್ಟನ್ನು ಐಎಸ್‌ಒ ಪದ್ಧತಿಯಂತೆ, ಅಂದರೆ ಕೂಡುವ ಚಿಹ್ನೆ ಪೂರ್ವಕ್ಕೆ ಎಂದು ಓದುತ್ತದೆ. ಒಂದೇ ಚಿಹ್ನೆ ಒಂದೇ ತಂತ್ರಾಂಶದಲ್ಲಿ ಎರಡು ದಿಕ್ಕಿಗೆ ತಿರುಗುತ್ತದೆ. ಕಾಲವಲಯ ದತ್ತಸಂಚಯದ ‘ಈಟಿಸಿ/ಜಿಎಂಟಿ+8’ ಎಂಬ ಹೆಸರೂ ಇದೇ ಜಾತಿಯದು. ಅದು ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದಿದೆ.

ಬೆಳಿಗ್ಗೆ 9:30 ಎಂಬುದು ಕಾರ್ಯಕ್ರಮ ನಡೆಯಬಹುದಾದ ಸಮಯವೇ ಆಗಿರುವುದರಿಂದ ಈ ಬಗೆಯ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ನಡುರಾತ್ರಿ ಹನ್ನೆರಡು ಎಂದು ಬಂದದ್ದಕ್ಕೇ ಮೊದಲ ದೋಷ ಪತ್ತೆಯಾಯಿತು.

ಚಿಹ್ನೆಯನ್ನು ತಿದ್ದಿದ ಮೇಲೂ ಈ ದಾರಿಯನ್ನು ಮುಂದುವರಿಸಲಿಲ್ಲ. ಲಂಡನ್, ಸ್ಯಾನ್ ಹೊಸೆ ಮತ್ತು ಸಿಡ್ನಿಗೆ ವರ್ಷವಿಡೀ ನಿಲ್ಲುವ ಒಂದು ಆಫ್‌ಸೆಟ್ ಎಂಬುದೇ ಇಲ್ಲ. ಬ್ರಿಟನ್ನಿನ ಗಡಿಯಾರ 2025ರ ಅಕ್ಟೋಬರ್ 26ರಂದು ಹಿಂದಕ್ಕೆ ಸರಿಯಿತು. ಅಮೆರಿಕದ್ದು ನವೆಂಬರ್ 2ರಂದು. ಸಿಡ್ನಿಯದು ಅಕ್ಟೋಬರ್ 5ರಂದೇ ಮುಂದಕ್ಕೆ ಹೋಗಿತ್ತು. ಹೀಗೆ ಅಕ್ಟೋಬರ್ 25, ನವೆಂಬರ್ 1 ಮತ್ತು ನವೆಂಬರ್ 8, ಈ ಮೂರು ಶನಿವಾರಗಳಂದು ನಮ್ಮ ರಾತ್ರಿ 8:30 ಲಂಡನ್ನಿನಲ್ಲಿ ಕ್ರಮವಾಗಿ ಸಂಜೆ 4:00, ಮಧ್ಯಾಹ್ನ 3:00, ಮಧ್ಯಾಹ್ನ 3:00 ಆಗುತ್ತದೆ. ಸ್ಯಾನ್ ಹೊಸೆಯಲ್ಲಿ ಬೆಳಿಗ್ಗೆ 8:00, 8:00, 7:00 ಆಗುತ್ತದೆ. ನಡುವಿನ ಶನಿವಾರ ಒಂದು ಊರು ಬದಲಾಗಿ ಇನ್ನೊಂದು ಬದಲಾಗದೆ ಇರುವುದರಿಂದ ಈ ಮೂರು ದಿನಾಂಕಗಳನ್ನೇ ಪರೀಕ್ಷೆಯ ಮಾದರಿಯಾಗಿ ಇಟ್ಟುಕೊಂಡೆ. ಮುಂದಿನ ಪ್ರತಿ ಬದಲಾವಣೆಯ ಬಳಿಕವೂ ಈ ಪರೀಕ್ಷೆಯನ್ನು ಓಡಿಸಿದ್ದೇನೆ.

ಹಂತ 4: ಇಪ್ಪತ್ಮೂರು ನಿಮಿಷಗಳ ಕಥೆ

ಪೈಥಾನ್ ಭಾಗದಲ್ಲಿ ಕಾಲವಲಯಗಳಿಗೆಂದು ಹಳೆಯ ಪೈಟಿಝಡ್ ಲೈಬ್ರರಿಯಿತ್ತು. ದಿನಾಂಕದ ವಸ್ತುವನ್ನು (ಆಬ್ಜೆಕ್ಟ್) ಕಟ್ಟುವಾಗಲೇ ವಲಯವನ್ನು ಹೇಳುವ ಟಿಝಡ್‌ಇನ್ಫೋ ಜಾಗದಲ್ಲಿ ಪೈಟಿಝಡ್‌ನ ಏಷ್ಯಾ/ಕೋಲ್ಕತಾ ವಲಯವನ್ನು ಕೊಟ್ಟು ನೋಡಿದರೆ ಆಫ್‌ಸೆಟ್ +05:30 ಆಗುವ ಬದಲು +05:53 ಎಂದು ಬಂತು. ಆ ವಸ್ತುವನ್ನು ನಿಜವಾದ ಭಾರತೀಯ ಸಮಯಕ್ಕೆ ಪರಿವರ್ತಿಸಿದಾಗ ಕಾರ್ಯಕ್ರಮ ರಾತ್ರಿ 8:07ಕ್ಕೆ ಬಂದು ನಿಂತಿತು.

ದತ್ತಸಂಚಯದಲ್ಲಿ ಪ್ರತಿ ವಲಯದ ಮೊದಲ ದಾಖಲೆ ಆ ಊರಿನ ಸೂರ್ಯನ ಪ್ರಕಾರದ ಸ್ಥಳೀಯ ಸಮಯವಾಗಿರುತ್ತದೆ. ಕೋಲ್ಕತಾದ್ದು 5 ಗಂಟೆ 53 ನಿಮಿಷ 28 ಸೆಕೆಂಡು. ಪೈಟಿಝಡ್‌ನಲ್ಲಿ ವಲಯವನ್ನು ನೇರವಾಗಿ ಅಂಟಿಸಿದರೆ ಅದು ದಿನಾಂಕವನ್ನು ನೋಡದೆ ಈ ಮೊದಲ ದಾಖಲೆಯನ್ನೇ ಎತ್ತಿಕೊಳ್ಳುತ್ತದೆ. ಅದರದೇ ಲೋಕಲೈಸ್ ಎಂಬ ವಿಧಾನದ ಮೂಲಕ ಹೋದರೆ ಮಾತ್ರ ಸರಿಯಾದ ದಾಖಲೆ ಸಿಗುತ್ತದೆ. ಲೋಕಲೈಸ್ ಸೇರಿಸಿ ಬಿಡಬಹುದಿತ್ತು, ಆದರೆ ಇನ್ನು ಆರು ತಿಂಗಳಿಗೆ ಹೊಸ ಕಾರ್ಯವೊಂದನ್ನು (ಫಂಕ್ಷನ್) ಬರೆಯುವವರು ಅದನ್ನು ಮರೆಯುವುದು ಖಂಡಿತ. ಪೈಥಾನ್ 3.9ರಿಂದ ಭಾಷೆಯ ಒಳಗೇ ಇರುವ ಝೋನ್‌ಇನ್ಫೋ ದಿನಾಂಕವನ್ನು ನೋಡಿಯೇ ಆಫ್‌ಸೆಟ್ ಕೊಡುತ್ತದೆ. ಪೈಟಿಝಡ್ ತೆಗೆದು ಅದನ್ನೇ ಎಲ್ಲೆಡೆ ಹಾಕಿದೆ. ಅದೇ ಕೈಯಲ್ಲಿ ‘ಯುಟಿಸಿನೌ’ ಎಂಬ ಕಾರ್ಯವನ್ನೂ ತೆಗೆದೆ. ಅದು ಕೊಡುವ ಸಮಯಕ್ಕೆ ವಲಯದ ಗುರುತೇ ಇರುವುದಿಲ್ಲ, 3.12ರಲ್ಲಿ ಅದನ್ನು ಬಳಸಬೇಡಿರೆಂಬ ಎಚ್ಚರಿಕೆಯೂ ಬರುತ್ತದೆ.

ಹಂತ 5: ಏನನ್ನು ಉಳಿಸಬೇಕು

ಇಲ್ಲಿ ಸ್ವಲ್ಪ ಹೊತ್ತು ತೆಗೆದುಕೊಂಡೆ. ಸಮಯವನ್ನೆಲ್ಲ ಯುಟಿಸಿಯಲ್ಲಿ ಉಳಿಸಿ, ತೋರಿಸುವಾಗ ಮಾತ್ರ ಪರಿವರ್ತಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಡೆದುಹೋದ ಘಟನೆಗೆ ಅದು ಸರಿಯಾದ ಸಲಹೆ. ಮುಂದೆ ನಡೆಯಲಿರುವ ಸಭೆಗೆ ಅದು ಸಾಲದು. ಜನ ಒಪ್ಪಿಕೊಂಡಿರುವುದು ‘ಲಂಡನ್ನಿನ ಬೆಳಿಗ್ಗೆ 11:00’ ಎಂಬ ಗೋಡೆ ಗಡಿಯಾರದ ಸಮಯವನ್ನು. ಅದರ ಯುಟಿಸಿ ಬೆಲೆ ಆ ದೇಶದ ನಿಯಮದಿಂದ ಹುಟ್ಟುವಂಥದ್ದು, ನಿಯಮ ಬದಲಾದರೆ ಬೆಲೆಯೂ ಬದಲಾಗುತ್ತದೆ. 2023ರ ಮಾರ್ಚ್ ಕೊನೆಯಲ್ಲಿ ಲೆಬನಾನ್ ಸರ್ಕಾರ ಬೇಸಿಗೆ ಸಮಯದ ಆರಂಭವನ್ನು ಕಡೆಯ ಗಳಿಗೆಯಲ್ಲಿ ಮುಂದೂಡಿ, ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಕಜಕಸ್ತಾನ 2024ರ ಮಾರ್ಚ್ 1ರಂದು ಇಡೀ ದೇಶವನ್ನು ಯುಟಿಸಿ+5ಕ್ಕೆ ತಂದಿತು. ಅಂಥ ಊರಿನ ಸಭೆಯೊಂದನ್ನು ಹಳೆಯ ನಿಯಮದಂತೆ ಯುಟಿಸಿಗೆ ಪರಿವರ್ತಿಸಿ ಮೊದಲೇ ಉಳಿಸಿಟ್ಟಿದ್ದರೆ ಅದು ಒಂದು ಗಂಟೆ ಆಚೀಚೆ ಆಗುತ್ತಿತ್ತು, ಮೂಲ ಉದ್ದೇಶ ಏನಿತ್ತೆಂಬುದು ಡೇಟಾಬೇಸಿನಲ್ಲಿ ಉಳಿದಿರುತ್ತಲೂ ಇರಲಿಲ್ಲ. ಟೈಮ್‌ಸ್ಟ್ಯಾಂಪ್‌ಟಿಝಡ್ ಎಂಬ ಹೆಸರಿದ್ದರೂ ಆ ಕಾಲಮ್ ವಲಯವನ್ನು ಉಳಿಸಿಕೊಳ್ಳುವುದಿಲ್ಲ. ಯುಟಿಸಿಗೆ ಪರಿವರ್ತಿಸಿ ವಲಯವನ್ನು ಬಿಸಾಡುತ್ತದೆ.

ಆದ್ದರಿಂದ ಕೋಷ್ಟಕದಲ್ಲಿ ಮೂರು ಕಾಲಮ್‌ಗಳನ್ನು ಮಾಡಿದೆ. ಒಂದರಲ್ಲಿ ವಲಯವಿಲ್ಲದ ಸ್ಥಳೀಯ ಸಮಯ, ಇನ್ನೊಂದರಲ್ಲಿ ವಲಯದ ಪೂರ್ಣ ಹೆಸರು, ಮೂರನೆಯದರಲ್ಲಿ ಅವೆರಡರಿಂದ ಲೆಕ್ಕ ಹಾಕಿದ ಯುಟಿಸಿ. ಮೂರನೆಯದು ಹುಡುಕಾಟ ಮತ್ತು ವಿಂಗಡಣೆಗಷ್ಟೇ. ಕಾಲವಲಯ ದತ್ತಸಂಚಯದ ಹೊಸ ಆವೃತ್ತಿ ಬಂದಾಗ ಮುಂದಿನ ಕಾರ್ಯಕ್ರಮಗಳಿಗೆಲ್ಲ ಅದನ್ನು ಹೊಸದಾಗಿ ಲೆಕ್ಕ ಹಾಕುವ ಸ್ಕ್ರಿಪ್ಟ್ ಬರೆದೆ. ಆವೃತ್ತಿಗಳಿಗೆ 2025ಎ, 2025ಬಿ ಎಂಬಂತೆ ವರ್ಷ ಮತ್ತು ಅಕ್ಷರದ ಹೆಸರಿರುತ್ತದೆ. ಕಳೆದ ಬಾರಿ ಯಾವ ಆವೃತ್ತಿಯಿಂದ ಲೆಕ್ಕ ಹಾಕಿದ್ದೆಂಬುದನ್ನು ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳುತ್ತದೆ.

ಸ್ಪ್ರೆಡ್‌ಶೀಟಿನಲ್ಲಿಯೂ ಐಎಸ್‌ಟಿ ಎಂಬ ಬರಹವನ್ನು ತೆಗೆಸಿ, ಊರನ್ನು ಆರಿಸುವ ಪಟ್ಟಿಯೊಂದನ್ನು ಇಟ್ಟೆ.

ಹಂತ 6: ಬೆಂಗಳೂರು ಪಟ್ಟಿಯಲ್ಲಿಲ್ಲ, ಕಲ್ಕತ್ತಾ ಸರ್ವರಿನಲ್ಲಿಲ್ಲ

ಊರಿನ ಪಟ್ಟಿ ಮಾಡುವಾಗ ಬಳಗದವರು ಮೊದಲು ಕೇಳಿದ್ದು ಬೆಂಗಳೂರು ಏಕಿಲ್ಲ ಎಂದು. 1970ರಿಂದೀಚೆಗೆ ಗಡಿಯಾರಗಳು ಒಂದೇ ರೀತಿ ನಡೆದಿರುವ ಪ್ರದೇಶಕ್ಕೆ ದತ್ತಸಂಚಯ ಒಂದು ವಲಯವನ್ನು ಕೊಡುತ್ತದೆ. ಇಡೀ ಭಾರತ ಏಷ್ಯಾ/ಕೋಲ್ಕತಾ ಎಂಬ ಒಂದರಲ್ಲೇ ಅಡಕವಾಗುತ್ತದೆ. ಸ್ಯಾನ್ ಹೊಸೆಯೂ ಅಲ್ಲಿಲ್ಲ, ಅದು ಅಮೆರಿಕ/ಲಾಸ್ ಏಂಜಲೀಸ್‌ನ ಒಳಗೆ ಬರುತ್ತದೆ. ವಲಯದ ಹೆಸರು ಕೋಡಿಗೆ ಬೇಕಾದ ಕೀಲಿ, ಓದುಗರಿಗೆ ತೋರಿಸುವ ಹೆಸರಲ್ಲ ಎಂದು ತೀರ್ಮಾನಿಸಿ, ಕನ್ನಡದ ಊರ ಹೆಸರಿಗೂ ವಲಯದ ಕೀಲಿಗೂ ಬೇರೆಯೇ ಒಂದು ನಂಟು ಕೋಷ್ಟಕ ಮಾಡಿದೆ. ಮೈಸೂರು, ಮಂಗಳೂರು, ಧಾರವಾಡ ಮೂರನ್ನೂ ಅದರಲ್ಲಿ ಸೇರಿಸಿದ್ದೇನೆ. ಮೂರಕ್ಕೂ ಕೀಲಿ ಒಂದೇ.

ಪುಟವನ್ನು ತೆರೆದವರ ವಲಯವನ್ನು ಬ್ರೌಸರಿನಿಂದ ಕೇಳಿ ಪಡೆಯುವ ಸೌಲಭ್ಯ ಸೇರಿಸಿದ ಕೂಡಲೇ ಸರ್ವರ್ ‘ವಲಯ ಸಿಗಲಿಲ್ಲ’ ಎಂಬ ದೋಷವನ್ನು ಎಸೆಯತೊಡಗಿತು. ಭಾರತದಲ್ಲಿ ಕ್ರೋಮ್ ಬಳಸುವವರಿಗೆಲ್ಲ ಹೀಗಾಗುತ್ತಿತ್ತು, ಫೈರ್‌ಫಾಕ್ಸ್‌ನವರಿಗೆ ಆಗುತ್ತಿರಲಿಲ್ಲ. ಕ್ರೋಮ್ ಏಷ್ಯಾ/ಕಲ್ಕತ್ತಾ ಎಂಬ ಹಳೆಯ ಹೆಸರನ್ನೇ ಕಳಿಸುತ್ತದೆ. ಅದು ಹೊಸ ಹೆಸರಿಗೆ ಕೊಂಡಿಯಾಗಿ ದತ್ತಸಂಚಯದಲ್ಲಿ ಈಗಲೂ ಇದೆ. ಆದರೆ ಡೆಬಿಯನ್ 13ರಲ್ಲಿ ಇಂಥ ಹಳೆಯ ಹೆಸರುಗಳನ್ನೆಲ್ಲ ‘ಟಿಝಡ್‌ಡೇಟಾ-ಲೆಗಸಿ’ ಎಂಬ ಬೇರೆ ಪ್ಯಾಕೇಜಿಗೆ ಸಾಗಿಸಲಾಗಿದೆ, ನಮ್ಮ ಕಂಟೇನರಿನಲ್ಲಿ ಅದು ಇರಲಿಲ್ಲ. ಪಿಪ್ ಎಂಬ ಅಳವಡಿಕೆ ಸಲಕರಣೆಯ ಮೂಲಕ ಪೈಥಾನಿನ ಟಿಝಡ್‌ಡೇಟಾ ಪ್ಯಾಕೇಜನ್ನು ಹಾಕಿದಾಗ ಸಮಸ್ಯೆ ಬಗೆಹರಿಯಿತು. ವ್ಯವಸ್ಥೆಯ ಕಡತಗಳಲ್ಲಿ ಹೆಸರು ಸಿಗದಿದ್ದರೆ ಝೋನ್‌ಇನ್ಫೋ ಅಲ್ಲಿ ಹುಡುಕುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೋಡ್ ಓಡಿಸುವವರಿಗಂತೂ ಈ ಪ್ಯಾಕೇಜ್ ಅನಿವಾರ್ಯ. ಬಂದ ಹಳೆಯ ಹೆಸರನ್ನು ಹೊಸದಕ್ಕೆ ತಿದ್ದಿಯೇ ಉಳಿಸುವ ಸಾಲೊಂದನ್ನೂ ಸೇರಿಸಿದೆ. ಪೋಸ್ಟ್‌ಗ್ರೆಸ್ ಇರುವ ಕಂಟೇನರ್ ವ್ಯವಸ್ಥೆಯ ಕಡತಗಳನ್ನೇ ಓದುವುದರಿಂದ ಕಲ್ಕತ್ತಾ ಅಲ್ಲಿಗೆ ತಲುಪಲೇಬಾರದು.

ಹಂತ 7: ತೋರಿಸುವ ಸಾಲುಗಳು

ಉಳಿಸುವುದು ಸರಿಯಾದ ಮೇಲೆ ತೋರಿಸುವ ಭಾಗಕ್ಕೆ ಬಂದೆ. ಮೊದಲು ಸಮಯವನ್ನು ಪಠ್ಯವಾಗಿಸುವ ಸ್ಟ್ರ್‌ಎಫ್‌ಟೈಮ್‌ನಲ್ಲಿ ಶೇಕಡಾ ಚಿಹ್ನೆಯ ಮುಂದೆ ದೊಡ್ಡ ಝಡ್ ಹಾಕಿ ವಲಯದ ಸಂಕ್ಷೇಪವನ್ನು ಪಡೆದೆ. ಬೆಂಗಳೂರಿಗೆ ಐಎಸ್‌ಟಿ, ಸ್ಯಾನ್ ಹೊಸೆಗೆ ಪಿಡಿಟಿ, ಸಿಡ್ನಿಗೆ ಎಇಡಿಟಿ ಬಂದವು. ದುಬೈಗೆ ಬಂದದ್ದು ಬರೀ ‘+04’. ಜನಬಳಕೆಯಲ್ಲಿಲ್ಲದೆ ತಾವೇ ಹುಟ್ಟಿಸಿದ್ದ ಸಂಕ್ಷೇಪಗಳನ್ನು ದತ್ತಸಂಚಯದ ನಿರ್ವಾಹಕರು 2016-17ರ ಸುಮಾರಿಗೆ ಕಿತ್ತುಹಾಕಿ ಅಂಕಿಗಳನ್ನು ಇಟ್ಟಿದ್ದಾರೆ. ಹೀಗಾಗಿ ಸಂಕ್ಷೇಪದಲ್ಲಿ ಅಕ್ಷರವೇ ಇರುತ್ತದೆಂದು ನಂಬಿ ಬರೆದ ಕೋಡ್ ದುಬೈ, ಸಿಂಗಪುರ, ಕಠ್ಮಂಡುಗಳಲ್ಲಿ ಮುಗ್ಗರಿಸುತ್ತದೆ. ಲಂಡನ್ನಿನ ಬೇಸಿಗೆಯ ಬಿಎಸ್‌ಟಿಯನ್ನು ಬಾಂಗ್ಲಾದೇಶದವರೂ ತಮ್ಮದೆಂದು ಬಳಸುತ್ತಾರೆ. ಈ ಸಂಕ್ಷೇಪಗಳನ್ನು ಮರಳಿ ಓದಿಸುವುದೂ ಆಗದ ಮಾತು. ಪಠ್ಯವನ್ನು ಸಮಯವಾಗಿ ಓದುವ ಸ್ಟ್ರ್‌ಪಿಟೈಮ್ ಯುಟಿಸಿ, ಜಿಎಂಟಿ ಮತ್ತು ಆ ಯಂತ್ರದ ಸ್ಥಳೀಯ ವಲಯದ ಹೆಸರುಗಳನ್ನು ಮಾತ್ರ ಒಪ್ಪುತ್ತದೆ, ಒಪ್ಪಿದ ಮೇಲೂ ವಲಯವಿಲ್ಲದ ಸಮಯವನ್ನೇ ಕೈಗಿಡುತ್ತದೆ.

ಸಮಯವನ್ನು ಆಯಾ ಭಾಷೆಯ ರೂಢಿಯಂತೆ ಬರೆಯುವ ಬ್ರೌಸರಿನ ಇಂಟ್ಲ್ ಸೌಲಭ್ಯ ಇನ್ನೊಂದು ಬಗೆಯಲ್ಲಿ ಆಶ್ಚರ್ಯಪಡಿಸಿತು. ವಲಯದ ಹೆಸರನ್ನು ‘ಶಾರ್ಟ್’ ರೂಪದಲ್ಲಿ ಕೇಳಿದರೆ, ಅಮೆರಿಕದ ಇಂಗ್ಲಿಷ್ ಆಯ್ಕೆಯಿದ್ದಾಗ ಕೋಲ್ಕತಾಕ್ಕೆ ‘ಜಿಎಂಟಿ+5:30’ ಎಂದೂ ಲಾಸ್ ಏಂಜಲೀಸ್‌ಗೆ ‘ಪಿಡಿಟಿ’ ಎಂದೂ ಬರುತ್ತದೆ. ಭಾರತದ ಇಂಗ್ಲಿಷ್ ಆಯ್ಕೆಗೆ ಬದಲಿಸಿದರೆ ಕೋಲ್ಕತಾ ಐಎಸ್‌ಟಿ ಆಗುತ್ತದೆ, ಲಾಸ್ ಏಂಜಲೀಸ್ ‘ಜಿಎಂಟಿ-7’ ಆಗುತ್ತದೆ. ಆಯಾ ಪ್ರದೇಶದವರಿಗೆ ಪರಿಚಿತವಾದ ಸಂಕ್ಷೇಪವನ್ನಷ್ಟೇ ತೋರಿಸಬೇಕೆಂಬುದು ಅದರ ಹಿಂದಿನ ವಿವೇಕ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಇಬ್ಬರು ಒಂದೇ ಪುಟವನ್ನು ತೆರೆದು ಬೇರೆ ಬೇರೆ ಅಕ್ಷರಗಳನ್ನು ನೋಡಿ ಫೋನಿನಲ್ಲಿ ಚರ್ಚಿಸುವಂತಾದರೆ ಪ್ರಕಟಣೆಯ ಉದ್ದೇಶವೇ ಕೆಡುತ್ತದೆ. ಕನ್ನಡ ಆಯ್ಕೆಯಲ್ಲಿ ದೀರ್ಘ ರೂಪ ಕೇಳಿದಾಗ ‘ಭಾರತೀಯ ಪ್ರಮಾಣಿತ ಸಮಯ’ ಎಂದು ಚೆನ್ನಾಗಿಯೇ ಬರುತ್ತದೆ, ಆದರೆ ಫೋನಿನ ಪರದೆಯಲ್ಲಿ ಅಂಥ ಐದು ಹೆಸರುಗಳು ಎರಡೆರಡು ಸಾಲಿಗೆ ಹರಿದು ಸಮಯವೇ ಮರೆಯಾಗುತ್ತದೆ. ಕಡೆಗೆ ಊರಿನ ಹೆಸರು ಮುಂದೆ, ಆಫ್‌ಸೆಟ್ ಹಿಂದೆ ಎಂಬ ರೂಪವನ್ನು ಆರಿಸಿದೆ. ಪುಟದ ಕಡೆ ಇಂಟ್ಲ್‌ನ ‘ಶಾರ್ಟ್‌ಆಫ್‌ಸೆಟ್’ ಆಯ್ಕೆಯಿಂದ ಅದು ಸಿಗುತ್ತದೆ.

ಪೈಥಾನಿನಲ್ಲಿ ಆಫ್‌ಸೆಟ್ಟನ್ನು ಬರೆಯುವುದೂ ನೇರವಾಗಿರಲಿಲ್ಲ. ಸಣ್ಣ ಝಡ್ ‘+0530’ ಎಂದು ನಡುವೆ ವಿರಾಮವಿಲ್ಲದೆ ಕೊಡುತ್ತದೆ. ಝಡ್‌ಗೂ ಶೇಕಡಾ ಚಿಹ್ನೆಗೂ ನಡುವೆ ಕೋಲನ್ ಹಾಕಿ ‘+05:30’ ಪಡೆಯುವ ಸೌಲಭ್ಯ 3.12ರಲ್ಲಿ ಬಂದಿದೆ. ನನಗೆ ಮುಂದಿನ ಸೊನ್ನೆಯೂ ಬೇಡವಾಗಿತ್ತು. ಯುಟಿಸಿಆಫ್‌ಸೆಟ್ ಕೊಡುವ ಬೆಲೆಯನ್ನೇ ಪಠ್ಯವಾಗಿಸಿದಾಗ ಬೆಂಗಳೂರಿಗೆ 5:30:00 ಎಂದು ಬಂತು, ಸ್ಯಾನ್ ಹೊಸೆಗೆ ‘-1 ಡೇ, 17:00:00’ ಎಂದು ಬಂತು. ಪೈಥಾನ್ ಋಣ ಅವಧಿಯನ್ನು ಒಂದು ದಿನ ಹಿಂದೆ ಹೋಗಿ ಹದಿನೇಳು ಗಂಟೆ ಮುಂದೆ ಬಂದಂತೆ ಬರೆಯುತ್ತದೆ. ಸೆಕೆಂಡುಗಳನ್ನು 3600ರಿಂದ ಭಾಗಿಸಿ ಗಂಟೆ ಮತ್ತು ಶೇಷವನ್ನು ತೆಗೆದಾಗ ಐದೂ ಊರು ಸರಿಯಾದವು. ಆದರೆ ಕೆನಡಾದ ಸೇಂಟ್ ಜಾನ್ಸ್ ಊರನ್ನು ಪರೀಕ್ಷೆಗೆ ಸೇರಿಸಿದಾಗ ಚಳಿಗಾಲದ −3:30 ಎಂಬುದು −4:30 ಎಂದು ಬಂತು. ಋಣ ಸಂಖ್ಯೆಯ ಭಾಗಾಕಾರವನ್ನು ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದರಿಂದ −12600 ಸೆಕೆಂಡು −4 ಗಂಟೆ ಮತ್ತು 1800 ಸೆಕೆಂಡು ಶೇಷವಾಗುತ್ತದೆ. ಚಿಹ್ನೆಯನ್ನು ಮೊದಲು ಬೇರೆ ತೆಗೆದಿಟ್ಟು, ಧನ ಬೆಲೆಯನ್ನು ಭಾಗಿಸಿ, ಆಮೇಲೆ ಚಿಹ್ನೆಯನ್ನು ಅಂಟಿಸುವಂತೆ ಬದಲಿಸಿದೆ.

ಉಳಿದದ್ದು ಹೊತ್ತಿನ ಹೆಸರು. ಕನ್ನಡದ ಸಿದ್ಧ ದತ್ತಾಂಶ ಪೂರ್ವಾಹ್ನ, ಅಪರಾಹ್ನ ಎಂದು ಕೊಡುತ್ತದೆ. ‘ಅಪರಾಹ್ನ 8:30’ ಎಂದು ಕಂಡರೆ ಜನ ಇದಾವ ಶಾಸನವೆಂದು ಕೇಳಿಯಾರು. ಗಂಟೆಯನ್ನು ನೋಡಿ ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಆರಿಸುವ ಸಣ್ಣ ಕಾರ್ಯವೊಂದನ್ನು ನಾನೇ ಬರೆದೆ. ಸಿಡ್ನಿಯ 2:00 ಗಂಟೆಗೆ ಮೊದಲು ‘ಭಾನುವಾರ ರಾತ್ರಿ 2:00’ ಎಂದು ಬರುವಂತೆ ಮಾಡಿದ್ದೆ. ಬಳಗದಲ್ಲಿ ಅದನ್ನು ಅರ್ಧ ಜನ ಭಾನುವಾರ ಕಳೆದ ಮೇಲಿನ ರಾತ್ರಿ ಎಂದೇ ಓದಿದರು. ಪಂಚಾಂಗದಲ್ಲಿ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುವುದರಿಂದ ಅವರ ಓದನ್ನು ತಪ್ಪೆನ್ನಲಾಗದು. ‘ಬೆಳಗಿನ ಜಾವ’ ಎಂದು ಬದಲಿಸಿ, ಬೆಂಗಳೂರಿನ ದಿನಾಂಕಕ್ಕಿಂತ ಬೇರೆಯಾದಾಗ ಆ ಊರಿನ ದಿನಾಂಕವನ್ನೂ ಮತ್ತೆ ಬರೆಯುವಂತೆ ಮಾಡಿದೆ. ನವೆಂಬರ್ 1ರ ಪ್ರಕಟಣೆ ಕೊನೆಗೆ ಹೀಗೆ ಬಂತು:

ಬೆಂಗಳೂರು: ಶನಿವಾರ, 1 ನವೆಂಬರ್ 2025, ರಾತ್ರಿ 8:30, ಯುಟಿಸಿ+5:30
ದುಬೈ: ಶನಿವಾರ, ಸಂಜೆ 7:00, ಯುಟಿಸಿ+4
ಲಂಡನ್: ಶನಿವಾರ, ಮಧ್ಯಾಹ್ನ 3:00, ಯುಟಿಸಿ+0
ಸ್ಯಾನ್ ಹೊಸೆ: ಶನಿವಾರ, ಬೆಳಿಗ್ಗೆ 8:00, ಯುಟಿಸಿ−7
ಸಿಡ್ನಿ: ಭಾನುವಾರ, 2 ನವೆಂಬರ್, ಬೆಳಗಿನ ಜಾವ 2:00, ಯುಟಿಸಿ+11

ಹಂತ 8: ವಾರ ವಾರ ಮರುಕಳಿಸುವ ಕಾರ್ಯಕ್ರಮ

ಲಂಡನ್ನಿನವರು ಮಕ್ಕಳಿಗಾಗಿ ಭಾನುವಾರ ಬೆಳಿಗ್ಗೆ 11:00ಕ್ಕೆ ನಡೆಸುವ ಕನ್ನಡ ತರಗತಿಯೂ ಇದೇ ಪ್ರೋಗ್ರಾಮಿನಲ್ಲಿದೆ. ಹಳೆಯ ಕೋಡ್ ಯುಟಿಸಿಗೆ ಏಳು ದಿನ ಕೂಡಿಸಿ ಮುಂದಿನ ತರಗತಿಯನ್ನು ಲೆಕ್ಕ ಹಾಕುತ್ತಿದ್ದುದರಿಂದ ಅಕ್ಟೋಬರ್ 26ರಿಂದ ಅದು 10:00ಕ್ಕೆ ಸರಿಯುತ್ತಿತ್ತು. ಸ್ಥಳೀಯ ಸಮಯಕ್ಕೆ ಏಳು ದಿನ ಕೂಡಿಸಿ ಆಮೇಲೆ ಯುಟಿಸಿಗೆ ಹೋಗುವಂತೆ ತಿದ್ದಿದೆ. ‘ಇನ್ನು ಇಷ್ಟು ಗಂಟೆ ಉಳಿದಿದೆ’ ಎಂಬ ಎಣಿಕೆಯಲ್ಲಿ ಇದರ ತಿರುಗುಮುರುಗು ಬೇಕು. ಎರಡು ಸಮಯಗಳ ವಲಯ ಒಂದೇ ಆಗಿದ್ದರೆ ಪೈಥಾನ್ ಆಫ್‌ಸೆಟ್ ಬದಲಾದದ್ದನ್ನು ಗಮನಿಸದೆ ಗೋಡೆ ಗಡಿಯಾರದ ಅಂಕಿಗಳನ್ನಷ್ಟೇ ಕಳೆಯುತ್ತದೆ. ಅಕ್ಟೋಬರ್ 25ರ ಬೆಳಿಗ್ಗೆ 11:00ರಿಂದ 26ರ ಬೆಳಿಗ್ಗೆ 11:00ಕ್ಕೆ ಲಂಡನ್ನಿನಲ್ಲಿ ನಿಜವಾಗಿ 25 ಗಂಟೆ, ಪೈಥಾನ್ ಹೇಳುವುದು 24. ಎರಡನ್ನೂ ಯುಟಿಸಿಗೆ ಒಯ್ದು ಕಳೆದರೆ ಸರಿಯಾಗುತ್ತದೆ.

ಇಲ್ಲದ ಸಮಯವನ್ನು ತಡೆಯುವ ಪರೀಕ್ಷೆಯೊಂದನ್ನೂ ಸೇರಿಸಿದೆ. 2026ರ ಮಾರ್ಚ್ 8ರಂದು ಸ್ಯಾನ್ ಹೊಸೆಯಲ್ಲಿ ಬೆಳಗಿನ ಜಾವ 2:30 ಎಂಬ ಸಮಯವೇ ಬರುವುದಿಲ್ಲ, ಆದರೂ ಝೋನ್‌ಇನ್ಫೋ ಅದನ್ನು ಮರುಮಾತಿಲ್ಲದೆ ಒಪ್ಪುತ್ತದೆ. ಯುಟಿಸಿಗೆ ಒಯ್ದು ಮರಳಿ ತಂದಾಗ ಅದು 3:30 ಆಗುತ್ತದೆ. ಹೋದದ್ದೂ ಬಂದದ್ದೂ ಒಂದೇ ಆಗದಿದ್ದರೆ ಉಳಿಸಬಾರದೆಂಬ ನಿಯಮ ಹಾಕಿದೆ. ಎರಡು ಬಾರಿ ಬರುವ ನವೆಂಬರಿನ 1:30ಕ್ಕೆ ಅದು ಮೊದಲನೆಯದೋ ಎರಡನೆಯದೋ ಎಂದು ಹೇಳುವ ಫೋಲ್ಡ್ ಎಂಬ ಗುರುತು ಬೇಕು. ಆ ಹೊತ್ತಿಗೆ ನಮ್ಮಲ್ಲಿ ಯಾರೂ ಕಾರ್ಯಕ್ರಮ ಇಡುವುದಿಲ್ಲವಾದ್ದರಿಂದ ಅದನ್ನು ಮುಟ್ಟಲಿಲ್ಲ.

ಹಂತ 9: ಜನ್ಮದಿನಗಳು

ಇದೇ ಕ್ಯಾಲೆಂಡರಿನಲ್ಲಿ ಲೇಖಕರ ಜನ್ಮದಿನಗಳೂ ಇವೆ. ಕುವೆಂಪು ಅವರದು 1904ರ ಡಿಸೆಂಬರ್ 29. ಹಳೆಯ ಕೋಡ್ ಅದನ್ನು ಆ ದಿನದ ನಡುರಾತ್ರಿಯ ಕ್ಷಣವೆಂದು ಉಳಿಸಿತ್ತು. ಹೊಸ ಕೋಡಿನಲ್ಲಿ ಅದರ ಆಫ್‌ಸೆಟ್ +05:21:10 ಎಂದು ಬಂದಾಗ ಮೊದಲು ಗಾಬರಿಯಾಯಿತು, ಆದರೆ ಲೆಕ್ಕ ಸರಿಯಾಗಿಯೇ ಇದೆ. ಐದೂವರೆ ಗಂಟೆಯ ಪ್ರಮಾಣ ಕಾಲ 1906ರ ಜನವರಿ 1ರಿಂದ ಆರಂಭವಾಯಿತು. ದತ್ತಸಂಚಯದ ಪ್ರಕಾರ ಅದಕ್ಕೆ ಮುಂಚೆ ಮದ್ರಾಸ್ ಸಮಯ. ಸೆಕೆಂಡುಗಳಿರುವ ಇಂಥ ಆಫ್‌ಸೆಟ್‌ಗೆ ಇಂಟರ್ನೆಟ್ಟಿನಲ್ಲಿ ಸಮಯ ಬರೆಯುವ ಮಾನದಂಡವಾದ ಆರ್‌ಎಫ್‌ಸಿ 3339ರ ರೂಪದಲ್ಲಿ ಜಾಗವಿಲ್ಲದ ಕಾರಣ ಪುಟಕ್ಕೆ ಕಳಿಸುವ ಹಂತದಲ್ಲಿ ತಪಾಸಣೆ ಅದನ್ನು ತಿರಸ್ಕರಿಸಿತು. ಇನ್ನು ಸ್ಯಾನ್ ಹೊಸೆಯವರಿಗೆ ಜನ್ಮದಿನ ಡಿಸೆಂಬರ್ 28 ಎಂದು ಕಾಣುತ್ತಿತ್ತು. ಜಾವಾಸ್ಕ್ರಿಪ್ಟಿಗೆ ಬರೀ ‘1904-12-29’ ಎಂದು ಕೊಟ್ಟರೂ ಅದು ಯುಟಿಸಿಯ ನಡುರಾತ್ರಿ ಎಂದು ಓದುವುದರಿಂದ ಪಶ್ಚಿಮದವರಿಗೆ ಒಂದು ದಿನ ಹಿಂದೆ ಬೀಳುತ್ತದೆ. ಜನ್ಮದಿನಗಳನ್ನು ವಲಯವೂ ಗಂಟೆಯೂ ಇಲ್ಲದ ಶುದ್ಧ ದಿನಾಂಕದ ಕಾಲಮಿಗೆ ಸಾಗಿಸಿ, ವರ್ಷ, ತಿಂಗಳು, ದಿನವನ್ನು ಪಠ್ಯದಿಂದಲೇ ಬಿಡಿಸಿ ತೋರಿಸುವಂತೆ ಮಾಡಿದೆ.

ಹಂತ 10: ಕೆಟ್ಟುಹೋದ ಹಳೆಯ ಸಾಲುಗಳು

ಸಾಗಾಟದ ನಂತರ ಆಮದಾದ ಸಾಲುಗಳಿಂದ ಮೂರೂವರೆ ಗಂಟೆ ಕಳೆದರೆ ಸಾಕೆಂದುಕೊಂಡು ಎಸ್‌ಕ್ಯೂಎಲ್ ಬರೆದು, ಓಡಿಸುವ ಮೊದಲು ಫಲಿತಾಂಶವನ್ನು ಕಣ್ಣಿನಿಂದ ನೋಡಿದ್ದು ಒಳ್ಳೆಯದಾಯಿತು. ಸರಿಯಾದ ರಾತ್ರಿ 8:30ರ ಓದು ಯುಟಿಸಿಯಲ್ಲಿ 15:00 ಆಗಿರುತ್ತದೆ. ಸಂಜೆ 5:00ರ ವಿಶೇಷ ಉಪನ್ಯಾಸವನ್ನು ಇಸ್ರೇಲಿನ ಆಫ್‌ಸೆಟ್‌ನಿಂದ ತಪ್ಪಾಗಿ ಉಳಿಸಿದರೂ ಅದು 15:00 ಆಗಿಯೇ ಇರುತ್ತದೆ. ಸಾಗಾಟದ ಮುಂಚಿನ ಸಾಲುಗಳನ್ನು ಕೆಲವರು ಆಮೇಲೆ ಮರು ಆಮದು ಮಾಡಿದ್ದರಿಂದ ಸಾಲು ಹುಟ್ಟಿದ ದಿನಾಂಕವನ್ನು ನೋಡಿಯೂ ಎರಡನ್ನು ಬೇರ್ಪಡಿಸಲಾಗಲಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ಮೂಲ ಬರಹ ಉಳಿದಿದ್ದ ಸಾಲುಗಳನ್ನು ಅದರಿಂದಲೇ ಹೊಸದಾಗಿ ತುಂಬಿದೆ. ಬರಹ ಅಳಿಸಿಹೋಗಿದ್ದ ಕಡೆ ಧ್ವನಿಮುದ್ರಣದ ಕಡತದೊಳಗೆ ಯುಟಿಸಿಯಲ್ಲಿ ದಾಖಲಾಗಿದ್ದ ಆರಂಭದ ಸಮಯವನ್ನು ತೆಗೆದುಕೊಂಡು, ಹತ್ತಿರದ ಅರ್ಧ ಗಂಟೆಗೆ ಸರಿಹೊಂದಿಸಿ ಬರೆದೆ. ಮುದ್ರಣವೂ ಇಲ್ಲದ ಕಾರ್ಯಕ್ರಮಗಳಿಗೆ ದಿನಾಂಕವನ್ನು ಮಾತ್ರ ಉಳಿಸಿ ಸಮಯದ ಕಾಲಮನ್ನು ಖಾಲಿ ಬಿಟ್ಟಿದ್ದೇನೆ. ಪುಟದಲ್ಲಿ ಅವುಗಳ ಮುಂದೆ ‘ಸಮಯ ದಾಖಲಾಗಿಲ್ಲ’ ಎಂದು ಬರುತ್ತದೆ.